೨೧೪ರ ಬಾಗಿಲಲ್ಲಿ ಇಟ್ಟುಹೋದವರು

ಹಾಸ್ಟೆಲ್ಲಿನ ಲಾಂಡ್ರಿ ಅಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಜೇಬಿನಲ್ಲಿ ಪೆನ್ನು ಬಿಟ್ಟು ಬಟ್ಟೆ ಹಾಕಿದ ಹುಡುಗಿಯರ ಏಳು ತಲೆಮಾರನ್ನು ಒಂದೇ ಉಸಿರಿನಲ್ಲಿ ಜಾಲಾಡಿಬಿಡುತ್ತಿದ್ದಳು. ಕಿತ್ತ ಗುಂಡಿಯನ್ನು ಬೈಯುತ್ತಲೇ ಹೊಲಿದು ಕೊಡುವವಳೂ ಅವಳೇ.

ಆ ಶುಕ್ರವಾರ ಮಧ್ಯಾಹ್ನ ಕೌನ್ಸೆಲರ್ ಮೇಡಂ ಲಾಂಡ್ರಿಗೆ ಬಂದರು. ವಿದ್ಯಾರ್ಥಿಗಳ ಮನಸ್ಸಿನ ಕಷ್ಟ ಕೇಳಲೆಂದೇ ವಿಶ್ವವಿದ್ಯಾಲಯ ನೇಮಿಸಿದ್ದ ಚಿಕ್ಕ ವಯಸ್ಸಿನ ಹೆಂಗಸು.

"ಅಕ್ಕ, ೨೧೪ರ ಹುಡುಗಿ ಪರೀಕ್ಷೆ ಫಾರ್ಮಿಗೆ ಸಹಿ ಹಾಕಿಲ್ಲ. ಇವತ್ತು ಐದು ಗಂಟೆಗೆ ಕಡೆ. ಅವಳೇ ಬಂದು ಹಾಕ್ಬೇಕು, ಇಲ್ದಿದ್ರೆ ಒಂದು ವರ್ಷ ಹೋಯ್ತು. ಕ್ಲಾಸಿಗೂ ಬರ್ತಿಲ್ಲವಂತೆ. ಬಾಗಿಲ ಹೊರಗೆ ನಿಮ್ಮ ಬಟ್ಟೆ ಕಟ್ಟು ನೋಡಿದೆ."

"ಅವಳಾ? ಚೆನ್ನಾಗಿದಾಳೆ ಬಿಡಿ. ಕೆಳಗೆ ಬರೋಕೆ ಬೇಜಾರು ಅಂದ್ಳು. ನಾನೇ ಬಾಗಿಲ ಹತ್ರ ಇಟ್ಟಿದ್ದನ್ನ ತಂದು, ಇಸ್ತ್ರಿ ಮಾಡಿ, ಅಲ್ಲೇ ಇಟ್ಟು ಬರ್ತೀನಿ. ಮೂರು ವಾರ ಆಯ್ತು," ಎಂದಳು ಅಕ್ಕ, ಸ್ವಲ್ಪ ಹೆಮ್ಮೆಯಿಂದಲೇ.

"ಅವಳನ್ನ ನೋಡಿದ್ರಾ?"

"ಇಲ್ಲ, ಒಳಗಿಂದ ದನಿ ಕೇಳಿದ್ದಷ್ಟೇ," ಎಂದಳು ಅಕ್ಕ. ಇಸ್ತ್ರಿಪೆಟ್ಟಿಗೆ ಆರಿಸಿ, ಮೇಡಂ ಕೈ ಹಿಡಿದು ನೇರ ಅಡುಗೆಮನೆಗೆ ನಡೆದಳು.

ಅಡುಗೆಯಣ್ಣ ದೊಡ್ಡ ಪಾತ್ರೆ ತಿಕ್ಕಿಸುತ್ತಿದ್ದ. "೨೧೪? ಪಾಪ, ಜನಜಂಗುಳಿ ಆಗಲ್ಲ ಅಂತ ಫೋನ್ ಮಾಡಿದ್ಲು. ಎರಡು ಹೊತ್ತೂ ಡಬ್ಬಿ ಬಾಗಿಲ ಹಿಡಿಗೆ ತೂಗುಹಾಕ್ತೀನಿ. ತೊಳೆದು ವಾಪಸ್ ತೂಗುಹಾಕಿರ್ತಾಳೆ. ನೋಡೋಕೆಲ್ಲಿ ನೋಡ್ಲಿ?"

ಅಡುಗೆಯಣ್ಣನನ್ನೂ ಕರೆದುಕೊಂಡು ಲೈಬ್ರರಿಗೆ ಹೋಗಿ ಕೇಳಿದರೆ ಅಲ್ಲಿಯ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹುಡುಗಿ ಫೋನಿನಲ್ಲಿ ಮೆಸೇಜ್ ಹಾಕಿದಾಗಲೆಲ್ಲ ಪುಸ್ತಕದ ಅವಧಿ ಮುಂದೂಡಿ, ಬೇಕೆಂದ ಹೊಸ ಪುಸ್ತಕವನ್ನು ರೂಮಿನ ಮುಂದಿಡಿಸಿದ್ದರಂತೆ.

"ನಾನೂ ಅಷ್ಟೇ," ಎಂದರು ಕೌನ್ಸೆಲರ್ ಮೇಡಂ ತಗ್ಗಿದ ದನಿಯಲ್ಲಿ. "ಬೇಕಾದಾಗ ಬಾ ಅಂತ ಚೀಟಿ ಬರೆದು ಬಾಗಿಲ ಕೆಳಗೆ ತಳ್ಳಿ ಬಂದಿದ್ದೆ."

ಅಕ್ಕನಿಗೆ ಅಳು ಬಂತು, ಅದು ಕೋಪವಾಗಿ ಹೊರಬಿತ್ತು. "ಹತ್ತು ಜನ ಸೇರಿದ ಕಡೆ ಹಾವು ಸಾಯಲ್ಲ ಅಂತಾರೆ. ನಾವು ನಾಲ್ಕೇ ಜನ. ಉಪಕಾರ ಮಾಡಿ ಮಾಡಿ ಹುಡುಗೀನ ಒಳಗೇ ಕೂಡಿಹಾಕಿದೀವಿ. ನಾನು ನೋಡ್ದೆ ಇದ್ರೆ ನೀವು ನೋಡಿರ್ತೀರಿ, ನೀವು ನೋಡ್ದೆ ಇದ್ರೆ ಇವರು. ಚೆನ್ನಾಗಿದೆ ನಮ್ಮ ಸಂಸಾರ."

ಊಟ ಕಳಿಸದಿದ್ದರೆ ಹಸಿದು ತಾನೇ ಇಳಿದು ಬರುತ್ತಾಳೆ ಎಂದ ಅಡುಗೆಯಣ್ಣ. "ಹೊಟ್ಟೆ ಮೇಲೆ ಹೊಡೆದು ಕರೀತಾರೇನಣ್ಣ?" ಎಂದು ಅಕ್ಕ ಗದರಿದಳು. ಕೊಡುವುದನ್ನು ಕೊಡೋಣ, ಆದರೆ ಕೈಗೇ ಕೊಡೋಣ ಎಂದಳು. ಕೌನ್ಸೆಲರ್ ಮೇಡಂ ತಕ್ಷಣ ಒಪ್ಪಿದರು. ಗುಂಪು ಕಂಡರೆ ಬೆದರಿಯಾಳು, ಪರಿಚಯದ ದನಿ ಅಕ್ಕನದೇ, ಅಕ್ಕನೇ ಮುಂದಿರಲಿ ಎಂದರು. ಉಳಿದವರು ಮೆಟ್ಟಿಲ ತಿರುವಿನಲ್ಲಿ ನಿಂತರು. ಆಗ ನಾಲ್ಕು ದಾಟಿತ್ತು.

ಅಕ್ಕ ಹೊರಗಿದ್ದ ಬಟ್ಟೆ ಕಟ್ಟು ಎತ್ತಿಕೊಂಡು ಬಾಗಿಲು ತಟ್ಟಿದಳು. "ಬಟ್ಟೆ ತಂದಿದೀನಮ್ಮ."

"ಇಟ್ಟು ಹೋಗಿ ಅಕ್ಕ." ದನಿ ಒಡೆದಿತ್ತು.

"ಇಡಲ್ಲ. ಇಷ್ಟು ದಿನ ಇಟ್ಟುಹೋಗಿದ್ದೇ ನನ್ನ ತಪ್ಪು. ನೀನು ಹೇಗಿದೀಯಾ ಅಂತ ನಾನು ಒಂದು ದಿನಾನೂ ಕೇಳ್ಲಿಲ್ಲ ಕಣಮ್ಮ. ಈಗ ಕೇಳ್ತಿದೀನಿ."

ಚಿಲಕ ಸರಿದು ಬಾಗಿಲು ತೆರೆಯಿತು. ಒಳಗೆ ಕಿಟಕಿ ಮುಚ್ಚಿತ್ತು, ಹುಡುಗಿಯ ಕೂದಲು ಗಂಟುಗಟ್ಟಿತ್ತು. ಅವಳು ಬಟ್ಟೆಗೆ ಕೈ ಚಾಚಲಿಲ್ಲ.

"ಎರಡು ಪೇಪರಲ್ಲಿ ಫೇಲಾದೆ. ಯಾರಿಗೂ ಮುಖ ತೋರಿಸೋಕಾಗ್ಲಿಲ್ಲ," ಎಂದಳು. "ಮೊದಲನೇ ವಾರ ಯಾರೂ ಬರದೆ ಇರ್ಲಿ ಅಂದ್ಕೊಂಡೆ. ಆಮೇಲೆ ದಿನಾ ಬಾಗಿಲ ಹಿಂದೆ ನಿಂತ್ಕೊಂಡಿರ್ತಿದ್ದೆ ಅಕ್ಕ. ಎಲ್ರೂ ಇಟ್ಟು ಹೋಗಿಬಿಡ್ತಿದ್ರಿ."

ಅಕ್ಕ ಬಟ್ಟೆ ಕಟ್ಟು ಕಂಕುಳಿಗೇರಿಸಿ ಹುಡುಗಿಯ ತಲೆ ಬಾಚಿದಳು. ಕೌನ್ಸೆಲರ್ ಮೇಡಂ ಒಳಗೆ ಬಂದು ನೆಲದ ಮೇಲೇ ಕೂತು, ಫೇಲಾದ ಪೇಪರುಗಳ ಮಾತು ಸೋಮವಾರ ಆಡೋಣ, ಇವತ್ತು ಬರೀ ಒಂದು ಸಹಿ ಎಂದರು. ಅಡುಗೆಯಣ್ಣ ತಾನು ತಂದಿದ್ದ ಡಬ್ಬಿ ತೆರೆದು ಎರಡು ತುತ್ತು ತಿನ್ನುವವರೆಗೂ ಬಿಡಲಿಲ್ಲ.

ಐದಕ್ಕೆ ಹತ್ತು ನಿಮಿಷವಿರುವಾಗ ಐವರೂ ಪರೀಕ್ಷಾ ವಿಭಾಗದ ಕಿಟಕಿಯ ಮುಂದೆ ನಿಂತಿದ್ದರು. ಒಳಗಿದ್ದ ಗುಮಾಸ್ತ ಕತ್ತೆತ್ತಿ ನೋಡಿ ಮುಖ ಗಂಟಿಕ್ಕಿದ. "ಇಷ್ಟು ಜನ ಯಾಕೆ? ವಿದ್ಯಾರ್ಥಿ ಜೊತೆ ಒಬ್ರು ಸಾಕು."

"ಇವಳ ಹತ್ರ ಒಬ್ಬೊಬ್ರೇ ಹೋಗಿ ನೋಡಾಯ್ತು ಸಾರ್," ಎಂದಳು ಲಾಂಡ್ರಿ ಅಕ್ಕ. "ಸಾಕಾಗ್ಲಿಲ್ಲ. ಫಾರ್ಮ್ ಕೊಡಿ."