ಬಸರಿಹಳ್ಳದ ಪುಸ್ತಕ ಯಾವ ಕಪಾಟಿಗೆ?

ಬಸರಿಹಳ್ಳವನ್ನು ಕಂಪನಿಯವರು ಗಣಿಯ ಮಣ್ಣು ಸುರಿದು ಮುಚ್ಚಿದರು. ಮರುವರ್ಷ ಶಾಲೆಯ ಮಕ್ಕಳಿಗೆಂದು ಒಂದು ಬಣ್ಣದ ಪುಸ್ತಕ ಅಚ್ಚು ಹಾಕಿಸಿ, ಆ ಜಾಗದಲ್ಲಿ ಯಾವತ್ತೂ ಹಳ್ಳವೇ ಇರಲಿಲ್ಲ ಎಂದು ಅದರಲ್ಲಿ ಬರೆಸಿದರು.

ಪುಸ್ತಕ ನೋಡಲು ಚೆನ್ನಾಗಿತ್ತು. ನುಣುಪು ಕಾಗದ, ರಟ್ಟಿನ ಮೇಲೆ ಹಲ್ಲು ಕಿರಿದು ನಗುವ ಲಾರಿ. ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಮಗ್ಗುಲಿನ ಆ ಊರಿಗೆ ಅಂಥ ಲಾರಿಗಳು ಹಗಲೂ ರಾತ್ರಿ ಗೊತ್ತಿದ್ದವು. ನಗುವುದನ್ನು ಮಾತ್ರ ಯಾರೂ ನೋಡಿರಲಿಲ್ಲ. ಪುಸ್ತಕದ ಒಂದು ಕಟ್ಟು ಪಂಚಾಯಿತಿ ಗ್ರಂಥಾಲಯಕ್ಕೂ ಬಂತು.

ಗ್ರಂಥಾಲಯ ಎಂದರೆ ಒಂದೇ ಕೋಣೆ. ಅದನ್ನು ನೋಡಿಕೊಳ್ಳುವವಳು ಪಂಪಾವತಿ. ಬುಕ್ಕಸಾಗರದ ಗದ್ದೆಗಳಲ್ಲಿ ಕೂಲಿ ಮಾಡಿದವರ ಮಗಳು, ಹೊಸಪೇಟೆಯಲ್ಲಿ ಬಿ.ಎ. ಓದಿದವಳು. ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಮೇಜು ಒರೆಸಿದರೆ ಮಧ್ಯಾಹ್ನಕ್ಕೆ ಅದರ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಾದಷ್ಟು ಕೆಂಪು ಧೂಳು ಕೂರುತ್ತಿತ್ತು. ಅವಳದು ಕಾಯಂ ಕೆಲಸವಲ್ಲ. ವರ್ಷಕ್ಕೊಮ್ಮೆ ಪಂಚಾಯಿತಿ ಸಭೆ ಸೇರಿ ‘ಮುಂದುವರಿಸಿದೆ’ ಎಂದರೆ ಉಂಟು, ಇಲ್ಲವಾದರೆ ಇಲ್ಲ. ಈ ವರ್ಷದ ಸಭೆ ಹತ್ತಿರ ಬಂದಿತ್ತು.

ಅಂಥ ಹೊತ್ತಿನಲ್ಲಿ ಶಾಲೆಯ ಶ್ರೀಪತಿ ಮಾಸ್ತರರು ಬೆವರು ಒರೆಸಿಕೊಳ್ಳುತ್ತ ಬಂದರು.

"ಪಂಪಾವತಿಯವರ, ನನ್ನ ಪಾರು ಮಾಡ್ರಿ. ಇಲಾಖೆಯಿಂದ ಓದಿನ ಹೊಸ ಮಟ್ಟ ಅಂತ ಬಂದದ. ಇನ್ನಮ್ಯಾಲೆ ಹುಡುಗ್ರು ಬರೇ ಕಥಿ ಓದಿದ್ರ ಸಾಲಂಗಿಲ್ಲಂತ. ಮಾಹಿತಿ ಪುಸ್ತಕ ಓದಬೇಕಂತ. ಪುಸ್ತಕ ಏನ್ ಹೇಳ್ತದ, ಅದಕ್ಕ ಹೆಂಗ ಗೊತ್ತಾತು, ಬ್ಯಾರೆ ಪುಸ್ತಕ ಏನಂತದ, ಎಲ್ಲಾ ಹುಡುಗ್ರ ಬಾಯಾಗೇ ಬರಬೇಕಂತ. ಸಾಹೇಬ್ರು ಬಂದು ಕೇಳ್ತಾರ."

"ಸಾಲ್ಯಾಗ ಅಂಥ ಪುಸ್ತಕ ಇಲ್ಲೇನ್ರಿ ಸರ?"

"ಅವ. ಬೀರುದಾಗ ಅವ. ಕೀಲಿ ಮಾತ್ರ ಹಳೇ ಹೆಡ್ ಮಾಸ್ತರ್ ಹತ್ರ ಅದ. ಅವರು ಕಂಪ್ಲಿಗೆ ವರ್ಗ ಆಗಿ ಹೋದ್ರು."

"ಹುಡುಗ್ರನ್ನ ಇಲ್ಲಿಗೆ ಕಳಸ್ರಿ," ಎಂದಳು ಪಂಪಾವತಿ.

ಅವಳ ಹತ್ತಿರ ಅಂಥ ಪುಸ್ತಕಗಳಿದ್ದವು: ಕಪ್ಪೆ, ಬಾವಿ, ಸೈಕಲ್ಲಿನ ಬ್ರೇಕು, ಬಾಳೆ, ಎಲುಬು. ಹಿರಿಯರ ಕಾದಂಬರಿಗಳ ಹಿಂದೆ ಮುಖ ತೋರಿಸದೆ ನಿಂತಿದ್ದ ಅವುಗಳನ್ನು ಮುಂದಕ್ಕೆ ತಂದಳು. ಮರದ ಕಪಾಟಿಗೆ ‘ಕಥೆ’ ಎಂದೂ ಕಬ್ಬಿಣದ ಕಪಾಟಿಗೆ ‘ನಿಜ’ ಎಂದೂ ಚೀಟಿ ಅಂಟಿಸಿದಳು. ಹೊಸ ಪುಸ್ತಕ ಮೊದಲು ಕಿಟಕಿ ಕಟ್ಟೆಯ ಮೇಲೆ ಕೂರಬೇಕು. ಯಾರು ಓದುತ್ತಾರೋ ಅವರೇ ಅದನ್ನು ಪರೀಕ್ಷೆ ಮಾಡಿ, ಎಲ್ಲರ ಎದುರು ಕಾರಣ ಹೇಳಿ, ಯಾವುದಾದರೊಂದು ಕಪಾಟಿಗೆ ಇಡಬೇಕು. ಪಂಪಾವತಿ ಕೈ ಹಚ್ಚುವಂತಿಲ್ಲ. ಇದು ಅಲ್ಲಿನ ಪದ್ಧತಿಯಾಯಿತು.

"ಅಕ್ಷರ ಒಂದೇ ಅಲ್ರಲೇ, ಚಿತ್ರಾನೂ ಓದ್ರಿ," ಎಂದು ಹೇಳಿಕೊಟ್ಟಳು. "ಚಿತ್ರದ ಮೂಲ್ಯಾಗ ಏನೈತಿ, ಕೆಳಗ ಏನ್ ಬರದಾರ, ಎರಡಕ್ಕೂ ತಾಳ ಐತೋ ಇಲ್ಲೋ ನೋಡ್ರಿ."

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ ಎಂದು ಒಂದು ಪುಸ್ತಕ ಹೇಳಿತು. ಜಡೆಪ್ಪ ಎಂಬ ಹುಡುಗ ಕಪ್ಪೆಯನ್ನೇ ಊಟದ ಡಬ್ಬಿಯಲ್ಲಿ ತಂದ. ಅದು ನೀರು ಹೀರುವ ಮನಸ್ಸು ಮಾಡದೆ, ಪೇಪರ್ ಓದುತ್ತಿದ್ದ ಪಂಚಾಯಿತಿ ಅಧ್ಯಕ್ಷ ಕಾಳಪ್ಪನ ಬಿಳಿ ಪ್ಯಾಂಟಿನ ಮೇಲೆ ಹಾರಿತು. ಕಾಳಪ್ಪ ಹೊಲವನ್ನು ಅದಿರು ಪೇರಿಸಲು ಬಾಡಿಗೆಗೆ ಕೊಟ್ಟು, ಟಿಪ್ಪರ್ ಕೊಂಡು, ಆಮೇಲೆ ಬಿಳಿ ಪ್ಯಾಂಟು ಹಾಕಲು ಶುರು ಮಾಡಿದವನು. ಕೆಂಪು ಧೂಳಿನ ಊರಲ್ಲಿ ಬಿಳಿ ಪ್ಯಾಂಟು ಹಾಕುವುದು ಒಂದು ಘೋಷಣೆ: ಇವನ ಕಾರಿಗೆ ಗಾಜಿದೆ ಎಂದು.

"ಇದು ಗ್ರಂಥಾಲಯಾನೋ, ಹೊಂಡಾನೋ?"

"ಓದಿನ ಹೊಸ ಮಟ್ಟ ರೀ ಅಧ್ಯಕ್ಷರ," ಎಂದಳು ಪಂಪಾವತಿ.

ಕಂಪನಿಯ ಪುಸ್ತಕವನ್ನು ಕಿಟಕಿ ಕಟ್ಟೆಯಿಂದ ಎತ್ತಿಕೊಂಡವಳು ಹೊನ್ನೂರಮ್ಮ. ಆರನೇ ತರಗತಿ, ಎರಡು ಜಡೆ, ಏನು ಹೇಳಿದರೂ ‘ಯಾಕ’ ಎನ್ನುವ ಬಾಯಿ. ಒಂದು ಪುಟದಲ್ಲಿ ಹೀಗಿತ್ತು: ‘ಗುಡ್ಡದ ಕೆಳಗಿನ ಪ್ರದೇಶ ಮೊದಲಿನಿಂದಲೂ ಒಣಭೂಮಿ. ಅಲ್ಲಿ ಹಳ್ಳಕೊಳ್ಳಗಳು ಇರಲಿಲ್ಲ.’ ಅವಳು ಮನೆಗೆ ಹೋಗಿ ಅಜ್ಜಿ ಎರ್ರೆಮ್ಮನಿಗೆ ಓದಿ ಹೇಳಿದಳು.

"ಹಳ್ಳ ಇರ್ಲಿಲ್ಲಂದ್ರ ನಿಮ್ಮಪ್ಪನ ಕುಂಡಿ ಎಲ್ಲಿ ತೊಳದ್ನೇ ನಾನು?" ಎಂದಳು ಎರ್ರೆಮ್ಮ.

ಇದು ಒಳ್ಳೆಯ ಸಾಕ್ಷಿಯೇ. ಆದರೆ ಗ್ರಂಥಾಲಯದಲ್ಲಿ ಎಲ್ಲರೆದುರು ಹೇಳುವಂಥದ್ದಲ್ಲ ಎಂದು ಹೊನ್ನೂರಮ್ಮ ಚಿತ್ರಗಳನ್ನು ಓದಲು ಕೂತಳು. ಮುಂದಿನ ಪುಟದಲ್ಲಿ ಸಾಲುಸಾಲು ಲಾರಿಗಳ ಫೋಟೋ. ಕೆಳಗೆ ‘ಅಭಿವೃದ್ಧಿಯ ಹಾದಿ’ ಎಂದಿತ್ತು. ಫೋಟೋದ ಮೂಲೆಯಲ್ಲಿ ಒಂದು ಗಿಡ್ಡ ಗೋಡೆ, ಅದರ ಮೇಲೆ ಇರುವೆಯಷ್ಟು ಸಣ್ಣ ಅಕ್ಷರ. ದಿನಾ ಪೇಪರಿಗೆ ಬರುವ ಮುದುಕ ದುರುಗಣ್ಣನ ಭೂತಗನ್ನಡಿ ಇಸಿದುಕೊಂಡು ಹಿಡಿದಳು. ಜಡೆಪ್ಪನೂ ತಲೆ ತೂರಿಸಿದ.

‘ಬಸರಿಹಳ್ಳ ಸೇತುವೆ.’

ಕಂಪನಿಯವರು ತಮ್ಮ ಲಾರಿಗಳನ್ನು ಎಷ್ಟು ಪ್ರೀತಿಯಿಂದ ನೋಡಿದ್ದರೆಂದರೆ, ಅವು ಯಾವುದರ ಮೇಲೆ ನಿಂತಿವೆ ಎಂದು ನೋಡಿರಲಿಲ್ಲ.

"ಪಂಪಕ್ಕ, ಹಳ್ಳ ಇಲ್ಲಂತ, ಬ್ರಿಜ್ಜ್ ಐತಂತ," ಎಂದ ಜಡೆಪ್ಪ. "ಒಣಾ ಭೂಮಿ ದಾಟಾಕ ಬ್ರಿಜ್ಜ್ ಯಾಕ ಬೇಕು?"

ಹೊನ್ನೂರಮ್ಮ ಜಿಲ್ಲೆಯ ಹಳೆಯ ನಕ್ಷೆಯ ಪುಸ್ತಕವನ್ನೂ ತೆಗೆದಳು. ಅದರಲ್ಲಿ ಗುಡ್ಡದಿಂದ ಇಳಿದ ಒಂದು ನೀಲಿ ಗೆರೆ ಇತ್ತು. "ಪುಸ್ತಕ ಚಲೋ ಐತಿ," ಎಂದು ತೀರ್ಪು ಕೊಟ್ಟಳು. "ಆದ್ರ ಕಥಿ." ಮರದ ಕಪಾಟಿನ ಹತ್ತಿರ ಹೋಗಿ, ದೆವ್ವದ ಕಥೆಗಳಿಗೂ ನರಿಯ ಕಥೆಗಳಿಗೂ ನಡುವೆ ಅದನ್ನು ತೂರಿಸಿದಳು.

ಪಂಪಾವತಿಗೆ ಕಾಳಪ್ಪನೂ ಸಭೆಯೂ ನೆನಪಾದವು. ಬೆಳಿಗ್ಗೆ ತಾನೊಬ್ಬಳೇ ಇರುವಾಗ ಪುಸ್ತಕವನ್ನು ಆಚೆ ಕಪಾಟಿಗೆ ಸರಿಸಿಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಅನ್ನಿಸಿತು. ಸಭೆಯೂ ಸುಸೂತ್ರ ಮುಗಿಯುತ್ತದೆ. ಬೆಳಿಗ್ಗೆ ಬಂದು ಮೇಜು ಒರೆಸಿದಳು, ಕಿಟಕಿ ಒರೆಸಿದಳು, ಮರದ ಕಪಾಟನ್ನೂ ಒರೆಸಿದಳು. ಪುಸ್ತಕ ಇದ್ದಲ್ಲೇ ಇತ್ತು.

ಕಥೆಯಾದ ಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಕಟ್ಟಿನಲ್ಲಿದ್ದ ಉಳಿದ ಪ್ರತಿಗಳೂ ಮನೆಮನೆಗೆ ಹೋದವು. ನಿಜದ ಕಪಾಟಿನಲ್ಲಿದ್ದಿದ್ದರೆ ಅಷ್ಟು ಮಕ್ಕಳು ಓದುತ್ತಿರಲಿಲ್ಲ.

ಸಾಹೇಬರು ಬರುವ ದಿನ ಗ್ರಂಥಾಲಯದಲ್ಲೇ ಓದಿನ ಪರೀಕ್ಷೆ ನಡೆಯಿತು. ಕಾಳಪ್ಪ ಬಿಳಿ ಪ್ಯಾಂಟಿನಲ್ಲಿ ಬಂದ. ಕಂಪನಿಯ ಹೊಸಪೇಟೆ ಆಫೀಸಿನಿಂದ ತಿರುಮಲ ಎಂಬವರು ಫೋಟೋದವನನ್ನು ಕರೆದುಕೊಂಡು ಬಂದರು. ಗ್ರಂಥಾಲಯಕ್ಕೆ ಕಂಪ್ಯೂಟರ್ ಕೊಡುವುದಾಗಿ ಹೇಳಿ, ತಮ್ಮ ಪುಸ್ತಕ ಓದುವ ಮಗುವಿನ ಪಕ್ಕ ನಿಂತುಕೊಂಡರು. ಆ ಮಗು ಹೊನ್ನೂರಮ್ಮ.

"ಒಂದಾನೊಂದು ಕಾಲದಾಗ," ಎಂದು ಅವಳು ಶುರು ಮಾಡಿದಳು, "ಒಂದು ಕಂಪನಿ ಇತ್ರಿ. ಅದರ ಲಾರಿ ನಗ್ತಿದ್ವು. ಅವು ದಿನಾ, ಇಲ್ಲದ ಹಳ್ಳದ ಮ್ಯಾಲಿನ ಬ್ರಿಜ್ಜ್ ದಾಟಿ ಹೋಗ್ತಿದ್ವು."

ಫೋಟೋ ತೋರಿಸಿದಳು, ಭೂತಗನ್ನಡಿ ಕೊಟ್ಟಳು, ನಕ್ಷೆ ಬಿಡಿಸಿದಳು. ಪುಸ್ತಕ ಏನು ಹೇಳುತ್ತದೆ, ಅದಕ್ಕೆ ಹೇಗೆ ಗೊತ್ತಾಯಿತು, ಬೇರೆ ಪುಸ್ತಕ ಏನು ಹೇಳುತ್ತದೆ, ಒಂದನ್ನೂ ಬಿಡಲಿಲ್ಲ. ಸಾಹೇಬರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ಭಾಳ ಚಲೋ. ಮಟ್ಟಕ್ಕಿಂತ ಮ್ಯಾಲೇ ಐತಿ," ಎಂದವರು ತಿರುಮಲರ ಮುಖ ನೋಡಿ, ಸಂಡೂರಿನಲ್ಲಿ ಇನ್ನೊಂದು ಶಾಲೆ ನೋಡಬೇಕೆಂಬುದು ನೆನಪಾಗಿ ಜೀಪು ಹತ್ತಿದರು. ಶ್ರೀಪತಿ ಮಾಸ್ತರರಿಗೆ ಹೆಮ್ಮೆಯೂ ಬೆವರೂ ಒಟ್ಟಿಗೇ ಬಂದವು.

ಮರುದಿನ ಬೆಳಿಗ್ಗೆ ಸೇತುವೆಯ ಹೆಸರಿನ ಮೇಲೆ ಸುಣ್ಣ ಬಳಿದಿತ್ತು.

"ಇನ್ನು ಅವ್ರು ಮನಿಮನಿಗೆ ಬಂದು ಎಲ್ಲಾರ ಪುಸ್ತಕಕ್ಕೂ ಸುಣ್ಣಾ ಹಚ್ಬೇಕು," ಎಂದ ಜಡೆಪ್ಪ.

ಅವರು ಮನೆಮನೆಗೆ ಹೋಗಲಿಲ್ಲ. ಮಧ್ಯಾಹ್ನ ನೇರ ಗ್ರಂಥಾಲಯಕ್ಕೆ ಬಂದರು, ತಿರುಮಲ ಮುಂದೆ, ಕಾಳಪ್ಪ ಹಿಂದೆ, ಅವರ ಬೆನ್ನಿಗೆ ಫೋಟೋದವನು. ಮಕ್ಕಳು ಓದುತ್ತಿದ್ದರು. ದುರುಗಣ್ಣ ಮೂಲೆಯಲ್ಲಿ ಪೇಪರಿನ ಮೇಲೆ ಬಾಗಿದ್ದ.

"ಮೇಡಂ, ನಾವೇನು ದೊಡ್ಡದು ಕೇಳ್ತಿಲ್ಲ," ಎಂದರು ತಿರುಮಲ. "ಒಂದು ಪುಸ್ತಕ, ಈ ಕಪಾಟಿನಿಂದ ಆ ಕಪಾಟಿಗೆ. ಫೋಟೋ ತಗೊಂಡು ಹೋಗ್ತೀವಿ."

"ನೀವೇ ಇಡ್ರಿ ಸರ. ಇಲ್ಲಿ ಓದಿದವ್ರೇ ಇಡೋದು. ಏನಿಲ್ಲ, ಹುಡುಗ್ರು ಒಂದೆರಡು ಮಾತು ಕೇಳ್ತಾರ."

ತಿರುಮಲ ಮರದ ಕಪಾಟಿನಿಂದ ಪುಸ್ತಕ ತೆಗೆದು ಹಿಡಿದು ನಿಂತರು. ಮಕ್ಕಳು ಸುತ್ತುಗಟ್ಟಿದರು.

"ಹಳ್ಳ ಇರ್ಲಿಲ್ಲಂತ ಹೆಂಗ ಗೊತ್ತಾತ್ರಿ?" ಎಂದು ಹೊನ್ನೂರಮ್ಮ ಕೇಳಿದಳು.

"ಸರ್ವೇ ಮಾಡಿಸೀವಿ."

"ಸರ್ವೇದವ್ರು ಇಲ್ಲಿಗೆ ಬರುವಾಗ ಬ್ರಿಜ್ಜ್ ದಾಟಿದ್ರೇನ್ರಿ?"

ತಿರುಮಲ ಪುಸ್ತಕವನ್ನು ಕಾಳಪ್ಪನ ಕೈಗೆ ದಾಟಿಸಿದರು. ಕಾಳಪ್ಪ ಅದನ್ನು ಬಿಸಿ ತವೆಯ ಹಾಗೆ ತುದಿಬೆರಳಲ್ಲಿ ಹಿಡಿದ.

"ಅಧ್ಯಕ್ಷರ, ನೀವು ಈಜು ಕಲ್ತಿದ್ದು ಎಲ್ರಿ?" ಎಂದಳು ಪಂಪಾವತಿ, ಊಟ ಆಯ್ತೇನ್ರಿ ಎಂದು ಕೇಳುವವಳಂತೆ.

"ನಾನಾ? ಕಾಲುವ್ಯಾಗ. ಕಮಲಾಪುರದಾಗ."

"ಏ, ಸುಳ್ಳು," ಎಂದ ದುರುಗಣ್ಣ, ಪೇಪರಿನಿಂದ ತಲೆ ಎತ್ತದೆ. "ಬಸರಿಹಳ್ಳದಾಗ. ಚಡ್ಡಿ ತೇಲಿ ಹೋಗಿತ್ತಲ್ಲೋ ಕಾಳ್ಯಾ. ಹಿಡ್ಕೊಂಡು ಬಂದವ ನಾನು."

ಮಕ್ಕಳು ನಕ್ಕರು. ತಿರುಮಲರ ತುಟಿಯಲ್ಲೂ ಒಂದು ಕ್ಷಣ ನಗು ಇಣುಕಿತು. ಕಾಳಪ್ಪನ ಮುಖ ರಸ್ತೆಯ ಬಣ್ಣಕ್ಕೆ ತಿರುಗಿತು. ಅವನು ಪುಸ್ತಕವನ್ನು ಪಂಪಾವತಿಯ ಮೇಜಿನ ಮೇಲೆ ಬಡಿದ. ಧೂಳು ಎದ್ದು ಪ್ಯಾಂಟಿನ ಮೇಲೆ ಕೂತಿತು.

"ಸಾಕು ಆಟ. ಸೋಮವಾರ ಸಭಿ ಐತಿ, ನಿನ್ನ ಹೆಸರು ನನ್ನ ಬಾಯಾಗ ಐತಿ. ಇದನ್ನ ತಗೊಂಡು ನಿಜದ ಕಪಾಟಿನಾಗ ಇಡು. ಈಗಿಂದೀಗ, ನನ್ನ ಮುಂದ."

ಪಂಪಾವತಿ ಪುಸ್ತಕ ಎತ್ತಿಕೊಂಡಳು. ಮಕ್ಕಳ ನಗು ನಿಂತಿತು. ಹೊನ್ನೂರಮ್ಮ ಅವಳನ್ನೇ ನೋಡುತ್ತಿದ್ದಳು. ಫೋಟೋದವನು ಕ್ಯಾಮೆರಾ ಎತ್ತಿದ. ಪಂಪಾವತಿ ರಟ್ಟಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ, ಪುಸ್ತಕವನ್ನು ಮೊದಲಿದ್ದ ಮರದ ಕಪಾಟಿನ ಸಂದಿಗೇ ತೂರಿಸಿ, ಬಂದು ಕುರ್ಚಿಯಲ್ಲಿ ಕೂತಳು.

"ಇಡಂಗಿಲ್ರಿ," ಎಂದಳು.