ಯಾರೂ ಇಲ್ಲದ ಬೋಟು

"ಹತ್ತು ಮೇಲೆ, ಘಟ್ಟದ ಬೇವರ್ಸಿ! ಗಾಳಿ ಕಂಡ್ರೆ ಉಚ್ಚೆ ಹೊಯ್ತೀಯಲ್ಲಾ, ಗಂಡಸಾ ನೀನು?"

ಕೃಷ್ಣಣ್ಣ ನನ್ನ ತಮ್ಮ ವಿರುಪಣ್ಣನ ಬೆನ್ನಿಗೆ ಮೊಣಕಾಲಿನಿಂದ ಗುದ್ದಿದ. ಅವನು ಬೋಟಿನ ಧಣಿ. ಕೂಲಿಯವರೆಲ್ಲ ಅವನನ್ನು ಅಣ್ಣ ಎಂದೇ ಕರೆಯಬೇಕು. ಧಣಿ ಎಂದರೆ ಅವನಿಗೆ ನಾಚಿಕೆಯಂತೆ. ಒದೆಯುವಾಗ ಆ ನಾಚಿಕೆ ಎಲ್ಲಿ ಹೋಗುತ್ತದೋ ನನಗೆ ಗೊತ್ತಿಲ್ಲ.

ಚಂಡಮಾರುತ ಬರುತ್ತದೆ ಎಂದು ಬೆಳಗಿನಿಂದ ಮೈಕಿನಲ್ಲಿ ಕೂಗುತ್ತಿದ್ದರು. ಊರಿನವರೆಲ್ಲ ಬೋಟು ಇಳಿದು ಮನೆ ಸೇರಿದ್ದರು. ಆದರೆ ಮೀನು ಇಳಿಸುವ ಧಕ್ಕೆಯಲ್ಲಿ ಬೋಟು ಕಾಯಲು, ನೀರು ನುಗ್ಗಿದರೆ ಎತ್ತಿ ಚೆಲ್ಲಲು ಯಾರಾದರೂ ಬೇಕಲ್ಲ? ಅದಕ್ಕೆ ನಾವಿದ್ದೆವು, ಗಂಗಾವತಿ, ಕುಷ್ಟಗಿ ಕಡೆಯಿಂದ ಕೂಲಿಗೆ ಬಂದವರು. ವಿರುಪಣ್ಣ ಹತ್ತಿದ. ಅವನ ಹಿಂದೆ ಹನುಮಸಾಗರದ ಜಿಲಾನಸಾಬ ಕಾಕಾ ಹತ್ತಿದ.

ಕಲ್ಲಿಗೆ ಬಡಿಯಬಾರದೆಂದು ಬೋಟನ್ನು ಲಂಗರು ಹಾಕಿ, ಒಂದು ಹಗ್ಗದಿಂದ ಧಕ್ಕೆಗೆ ಕಟ್ಟಿ ಸ್ವಲ್ಪ ದೂರ ನಿಲ್ಲಿಸಿದ್ದರು. ಹತ್ತಲು ಇಳಿಯಲು ನಡುವೆ ಒಂದು ಹಲಗೆ. ಇಬ್ಬರೂ ಹತ್ತಿದ್ದೇ ತಡ, ಕೃಷ್ಣಣ್ಣ ಆ ಹಲಗೆಯನ್ನು ಎಳೆದು ಧಕ್ಕೆಯ ಮೇಲೆ ಹಾಕಿಸಿದ.

"ಅಣ್ಣಾರ, ಹಲಗಿ ಇರ್ಲಿ ಬಿಡ್ರಿ. ಜೀವಕ್ಕ ಬಂದ್ರ ಇಳೀತಾರ," ಎಂದೆ.

"ಇಳೀತಾರೆ ಅಂತಲೇ ತೆಗ್ಸಿದ್ದು," ಎಂದು ಅವನು ಕಾರು ಹತ್ತಿದ.

ನಮ್ಮಪ್ಪ ಆನೆಗೊಂದಿಯ ಹತ್ತಿರ ಹರಿಗೋಲು ಹಾಕುತ್ತಿದ್ದವನು. ಹೊಳೆ ಏರಿದಾಗ ಹರಿಗೋಲನ್ನು ಒಂದು ಗೇಣೂ ಅಲುಗದ ಹಾಗೆ ದಂಡೆಯ ಗಿಡಕ್ಕೆ ಬಿಗಿಯುತ್ತಿದ್ದ. ನಾವು ಅಕ್ಕ ತಮ್ಮ ಅದನ್ನೇ ನೋಡಿ ಬೆಳೆದವರು. ಸಮುದ್ರದಲ್ಲಿ ಹಗ್ಗ ಹೇಗೆ ಕಟ್ಟಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಲೆ ಎಳೆಯುವವನಿಗೆ ಅದೆಲ್ಲ ಏಕೆ? ಅಲೆ ಏಳುವುದನ್ನು ಕಂಡು ನಾನೇ ಧಕ್ಕೆಯ ಮೇಲಿಂದ ಕೂಗಿದೆ.

"ವಿರುಪಾ, ಹಗ್ಗ ಎಳಿಯೋ! ಇನ್ನಷ್ಟು ಬಿಗಿ ಮಾಡು!"

"ಮಾಡೀನಿ ಯಕ್ಕಾ! ನೀ ಹೋಗು, ನೆನೀಬ್ಯಾಡ!"

ಬಿಗಿ ಮಾಡು ಎಂಬ ಆ ಮಾತು ನನ್ನ ಬಾಯಿಂದಲೇ ಬಂದದ್ದು. ಈ ಊರಿಗೆ ಅವನನ್ನು ಕರೆತಂದವಳೂ ನಾನೇ.

ಹಲಗೆ ಎತ್ತಲು ಹೋದೆ. ಒಬ್ಬಳಿಂದ ಮಿಸುಕಲಿಲ್ಲ. ಓಡಿದೆ.

ಸಾಲೆಯ ಮುಂದೆ ‘ಕಾಳಜಿ ಕೇಂದ್ರ’ ಎಂದು ಬಟ್ಟೆ ಕಟ್ಟಿದ್ದರು. ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬ ಅಧಿಕಾರಿ ಪಟ್ಟಿ ಹಿಡಿದು ಕೂತಿದ್ದ.

"ಸಾಹೇಬ್ರ, ನನ್ನ ತಮ್ಮ ಬೋಟಿನ್ಯಾಗ ಸಿಕ್ಕಾನ್ರಿ. ಯಾರನ್ನರ ಕಳಸ್ರಿ, ಹಲಗಿ ಹಾಕಸ್ರಿ."

"ಮನೆ ನಂಬರ್?"

"ಐಸ್ ಫ್ಯಾಕ್ಟರಿ ಹಿಂದಿನ ಶೆಡ್ರಿ."

"ಶೆಡ್ಡಿಗೆ ನಂಬರ್ ಉಂಟಾ? ರೇಷನ್ ಕಾರ್ಡು ಎಲ್ಲಿಯದ್ದು?"

"ಗಂಗಾವತಿ ತಾಲೂಕ್ರಿ."

"ಹಾಗಾದ್ರೆ ಗಂಗಾವತಿಗೇ ಹೋಗಮ್ಮ. ಅಲ್ಲಿ ಸಮುದ್ರವೂ ಇಲ್ಲ, ಚಂಡಮಾರುತವೂ ಇಲ್ಲ."

ಒಳಗೆ ಚಾಪೆಯ ಮೇಲೆ ಬಿಸಿ ಅನ್ನ ಉಣ್ಣುತ್ತಿದ್ದವರು ನಕ್ಕರು. ನಾನು ಅವನ ಕಾಲು ಹಿಡಿದೆ. ಅವನು ಕಾಲು ಹಿಂದಕ್ಕೆ ಎಳೆದುಕೊಂಡು ಒಂದು ಕಾಗದ ತೋರಿಸಿದ.

"ನೋಡು, ಬರೆದು ಕೊಟ್ಟಿದ್ದಾರೆ. ಬೋಟಿನಲ್ಲಿ ಯಾರೂ ಇಲ್ಲ. ಎಲ್ಲರನ್ನೂ ಇಳಿಸಿ ಆಗಿದೆ."

"ಇಬ್ರು ಅದಾರ್ರಿ! ಕಣ್ಣಿಲೆ ನೋಡಿ ಬಂದೀನ್ರಿ!"

ಕಾಗದ ಬರೆದುಕೊಟ್ಟವನು ಅಲ್ಲೇ ಫೋಟೋಕ್ಕೆ ನಿಂತು ಬ್ರೆಡ್ ಹಂಚುತ್ತಿದ್ದ. "ಅವಳು ಕುಡೀತಾಳೆ ಸಾರ್. ಇವರದ್ದೆಲ್ಲ ಇದೇ ಕತೆ," ಎಂದ ಕೃಷ್ಣಣ್ಣ. ಹೋಮ್‌ಗಾರ್ಡ್ ನನ್ನ ರಟ್ಟೆ ಹಿಡಿದು ಹೊರಗೆ ದಬ್ಬಿ ಗೇಟು ಹಾಕಿದ.

ಧಕ್ಕೆಯ ತನಕ ಹೋಗಲು ಗಾಳಿ ಬಿಡಲಿಲ್ಲ. ನಮ್ಮ ಶೆಡ್ಡಿನ ತಗಡು ಕಣ್ಣೆದುರೇ ಹಾರಿಹೋಯಿತು. ಐಸ್ ಫ್ಯಾಕ್ಟರಿಯ ಗೋಡೆಯನ್ನು ತಬ್ಬಿ ಕೂತೆ. ಸಮುದ್ರ ರಸ್ತೆಗೆ ಬಂತು, ಮೊಣಕಾಲಿಗೆ ಬಂತು. ನಾನು ದೇವರನ್ನು ನೆನೆಯಲಿಲ್ಲ. ಕೃಷ್ಣಣ್ಣನ ವಂಶವನ್ನೇ ಬಾಯಿಗೆ ಬಂದಂತೆ ಬೈದೆ.

ಬೆಳಗಾಗುವ ಹೊತ್ತಿಗೆ ಗಾಳಿ ನಿಂತಿತ್ತು. ಜಿಲಾನಸಾಬ ಕಾಕಾ ಧಕ್ಕೆಯ ಕಲ್ಲುಗಳ ಮೇಲೆ ಕೂತು ಉಪ್ಪುನೀರು ಕಾರುತ್ತಿದ್ದ. ತುಟಿ ಹರಿದಿತ್ತು.

"ನೀರು ಮ್ಯಾಲೆ ಬಂತವ್ವ, ಪಕ್ಕೀರವ್ವ. ಹಗ್ಗ ಬಿಗಿ ಇತ್ತು, ಬೋಟು ಏಳ್ಲಿಲ್ಲ, ಒಂದ ಕಡಿ ವಾಲಿ ನೀರು ಕುಡೀತು. ನಾ ಜಿಗದೆ. ಅಂವ ಹಗ್ಗ ಹಿಡದು ದಂಡಿಗೆ ಬರತೀನಿ ಅಂದ."

ವಿರುಪಣ್ಣ ದಂಡೆಯ ತನಕ ಬಂದೂ ಇದ್ದ. ಬಿಗಿದ ಹಗ್ಗಕ್ಕೂ ಧಕ್ಕೆಯ ಅಂಚಿನ ಕಲ್ಲಿಗೂ ನಡುವೆ ಅವನ ಬಲಗೈ ಜಜ್ಜಿ ಸಿಕ್ಕಿಕೊಂಡಿತ್ತು. ನೀರು ಎದೆಮಟ್ಟದಷ್ಟೇ, ಆದರೆ ಕುಸಿದು ಬಾಗಿದ ತಲೆ ನೀರಿನೊಳಗೆ. ಏಳು ವರ್ಷ ನಾನು ಬುಟ್ಟಿಗಟ್ಟಲೆ ಆರಿಸಿದ ಸಣ್ಣ ಮೀನುಗಳು ಅವನ ಕಿವಿಗೆ ಮುತ್ತಿದ್ದವು. ಆಚೆ ಅರ್ಧ ಮುಳುಗಿದ ಬೋಟು ಅದೇ ಒಂದು ಹಗ್ಗದ ಮೇಲೆ ನಿಂತಿತ್ತು.

ಕೃಷ್ಣಣ್ಣ ಓಡಿ ಬಂದ. ಹಿಂದೆಯೇ ಪಟ್ಟಿಯ ಅಧಿಕಾರಿ, ಊರಿನ ನಾಲ್ಕಾರು ಜನ.

"ಅಯ್ಯೋ ಬೋಳಿಮಗನೇ, ಸಡಿಲ ಬಿಡ್ಲಿಕ್ಕೆ ಗೊತ್ತಿಲ್ವಾ ನಿಂಗೆ?" ಎಂದು ಹೆಣವನ್ನೇ ಬೈದ. "ಯಾರೂ ಹಗ್ಗ ಮುಟ್ಬೇಡಿ! ಹಗ್ಗ ಹೋದ್ರೆ ಬೋಟು ತಳ ಸೇರ್ತದೆ. ಸಂಜೆಗೆ ಕ್ರೇನ್ ಬರ್ತದೆ."

"ಹಗ್ಗ ಕೊಯ್ದ್ರ ಕೈ ಬರತೈತ್ರಿ," ಎಂದೆ. "ಸಂಜೀ ಮಟ ಮೀನು ತಿನ್ತಾವ್ರಿ ಅಂವನ್ನ."

"ತಿನ್ಲಿ. ಸತ್ತವ ಎಲ್ಲಿಗೆ ಹೋಗ್ತಾನೆ? ಬೋಟು ಹೋದ್ರೆ ಮತ್ತೆ ಬರ್ತದಾ?"

ನಾನು ಅಧಿಕಾರಿಯ ಮುಖ ನೋಡಿದೆ. ಅವನು ಕೆಮ್ಮಿದ. "ಕಾಗದದಲ್ಲಿ ಬೋಟಿನಲ್ಲಿ ಯಾರೂ ಇಲ್ಲವಲ್ಲ. ಇವನು ಹೇಗೆ ಬಂದ ಅಂತ ವಿಚಾರಿಸಬೇಕು."

ನನಗೆ ಅಳು ಬರಲಿಲ್ಲ. ಕಾಕಾನ ಸೊಂಟದಲ್ಲಿ ಬಲೆ ಕೊಯ್ಯುವ ಚೂರಿ ಇತ್ತು. ಕೈ ಚಾಚಿದೆ. ಅವನು ಚೂರಿ ಕೊಟ್ಟು, ನೀರಿಗಿಳಿದು ವಿರುಪಣ್ಣನ ನಡು ಹಿಡಿದು ನಿಂತ.

"ಏಯ್! ಹಿಡೀರಿ ಅವಳನ್ನು!"

ಒಬ್ಬ ಮುಂದೆ ಬಂದ. ಚೂರಿ ತೋರಿಸಿದೆ, ಹಿಂದೆ ಸರಿದ. ತಮ್ಮನ ಕೈಯಿಂದಾಚೆ ಹಗ್ಗಕ್ಕೆ ಚೂರಿ ಇಟ್ಟೆ. ಒಂದೊಂದೇ ಎಳೆ ಪಟಪಟ ಹರಿಯಿತು. ಕೈ ಕಲ್ಲಿನಿಂದ ಬಿಟ್ಟಿತು. ವಿರುಪಣ್ಣ ಕಾಕಾನ ಹೆಗಲಿಗೆ ಒರಗಿದ. ಬೋಟು ಒಮ್ಮೆ ಮಗ್ಗುಲಾಗಿ ಗುಳುಗುಳು ಎನ್ನುತ್ತ ಕೆಳಗೆ ಹೋಯಿತು.

ಕೃಷ್ಣಣ್ಣ ಧಕ್ಕೆಯ ಮೇಲೆ ಕುಸಿದು ಎದೆ ಬಡಿದುಕೊಂಡು ಅತ್ತ.

"ಯಾರೂ ಇರ್ಲಿಲ್ಲಲ್ರೀ ಅಣ್ಣಾರ ಅದರಾಗ," ಎಂದೆ. "ಯಾಕ ಅಳ್ತೀರಿ?"

ಎಳೆದು ಹಾಕಿದ್ದ ಹಲಗೆ ಧಕ್ಕೆಯ ಕಂಬಕ್ಕೆ ಸಿಕ್ಕಿ ಇನ್ನೂ ಅಲ್ಲೇ ಬಿದ್ದಿತ್ತು. ನಮ್ಮ ಕಡೆಯವರು ಇನ್ನಿಬ್ಬರು ಬಂದರು. ಅದರ ಮೇಲೆ ವಿರುಪಣ್ಣನನ್ನು ಮಲಗಿಸಿ ನಾಲ್ವರೂ ಹೊತ್ತೆವು. ಸಾಲೆಯ ಗೇಟು ಹಾಕಿತ್ತು. ಕಾಕಾ ಅದನ್ನು ಒದ್ದು ತೆಗೆದ. ಹಲಗೆಯನ್ನು ಪಟ್ಟಿಯ ಮೇಜಿನ ಮೇಲೆ ಇಳಿಸಿದೆವು.