ಹಗೇವಿನೊಳಗಿನ ಬೆಳಕು

ಹಗೇವಿನ ಬಾಯಿಯ ಚಪ್ಪಡಿ ಸರಿಸಿದಾಗ ಹುಳಿ ಬೆರೆತ ಬಿಸಿ ವಾಸನೆ ಮೇಲೆದ್ದಿತು. ಎರಡು ವರ್ಷದಿಂದ ಆ ನೆಲಗುಂಡಿಯಲ್ಲಿ ಮುಚ್ಚಿಟ್ಟಿದ್ದ ರಾಗಿ. ಹಿಂದಿನ ದಿನದ ಮಳೆಗೆ ಒಂದು ಬದಿಯ ಮಣ್ಣು ಕುಸಿದಿತ್ತು. ಐ.ಡಿ.ಹಳ್ಳಿ ಕಡೆ ಮತ್ತೆ ಮೋಡ ಕಪ್ಪಾಗುತ್ತಿತ್ತು. ಯಾವಾಗಲೂ ಬಾಯಿ ತೆರೆದು ಒಂದು ಹಗಲು ಬಿಟ್ಟು ಇಳಿಯುತ್ತಿದ್ದೆವು. ಅಂದು ಅಷ್ಟು ವ್ಯವಧಾನವಿರಲಿಲ್ಲ.

ನನ್ನ ಗಂಡ ದೊಡ್ಡರಂಗಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದರು. ಅತ್ತೆ ಚಿಕ್ಕಹನುಮಕ್ಕ ಕುಕ್ಕೆಯಲ್ಲಿ ಒಂದು ಕೋಳಿಯನ್ನಿಟ್ಟು ಒಳಗಿಳಿಸಿದರು. ಮೇಲೆಳೆದಾಗ ಅದರ ಕತ್ತು ಜೋತುಬಿದ್ದಿತ್ತು.

"ಅಮ್ಮ ಒಪ್ಕಂಡ್ಲು. ಅವಳ ಪಾಲು ಅವಳಿಗಾಯ್ತು. ಇಳಿಯಪ್ಪ," ಅಂದರು ಅತ್ತೆ, ಹಗೇವು ಕಾಯುವ ದೇವಿಗೆ ಕೈಮುಗಿದು.

"ಜೀವಂತ ಬಂದಿದ್ರೆ, ಅತ್ತೆ?"

"ಮುನಿಸ್ಕಂಡವ್ಳೆ ಅಂತ. ಆಗ ಇಳೀಬಾರ್ದು ಕಣಮ್ಮ ದಾಸಮ್ಮ."

ನಮ್ಮೂರ ರಾತ್ರಿ ಶಾಲೆಯ ಮೇಷ್ಟ್ರು ಜಯರಾಮಯ್ಯ ನಕ್ಕರು. ನನಗೆ ಅಕ್ಷರ ಕಲಿಸಿದವರು ಅವರೇ.

"ಕೋಳಿ ಹೆದರಿ ಸತ್ತಿದೆ. ಇದು ವಿಜ್ಞಾನದ ಕಾಲ ಅಜ್ಜಿ." ಮಧುಗಿರಿಯಲ್ಲಿ ಕೊಂಡ ಹೊಸ ಬ್ಯಾಟರಿ ಟಾರ್ಚ್ ಹೊತ್ತಿಸಿ, ದಾರ ಕಟ್ಟಿ ಒಳಗೆ ಬಿಟ್ಟರು. "ಲಾಟೀನು ಇಳಿಸಿ, ಆರಿದ್ರೆ ಗಾಳಿ ಕೆಟ್ಟಿದೆ ಅಂತಿದ್ರಲ್ಲ? ನೋಡಿ, ಆರಿಲ್ಲ. ಗಾಳಿ ಶುದ್ಧ. ರುಜುವಾತಾಯ್ತು."

ಯಾವುದಕ್ಕೂ ಒಪ್ಪದ ಅತ್ತೆ, ಮೇಷ್ಟ್ರು ಇಬ್ಬರೂ ಇಳಿಯಬಹುದೆಂಬ ಇದೊಂದಕ್ಕೆ ಒಪ್ಪಿದ್ದರು. ನಾನೊಬ್ಬಳು ಸತ್ತ ಕೋಳಿಯನ್ನೇ ನೋಡುತ್ತಿದ್ದೆ. ಒತ್ತಕ್ಷರವೇ ಸರಿಯಾಗಿ ಬಾರದ ನಾನು ಮೇಷ್ಟ್ರಿಗೆ ಏನು ಹೇಳುವುದು? ಆದರೆ ದೀಪದ ಮೇಲೆ ಲೋಟ ಮುಚ್ಚಿ, ಉರಿಗೂ ನಮ್ಮಂತೆಯೇ ಗಾಳಿ ಬೇಕು ಎಂದು ತೋರಿಸಿದವರು ಇವರೇ ಅಲ್ಲವೇ? ಈ ಬ್ಯಾಟರಿಗೆ ಗಾಳಿ ಬೇಕೇ? ಕೋಳಿಗಂತೂ ಬೇಕಿತ್ತು.

ಬ್ಯಾಟರಿ ಮೇಲೆ ಬಂದದ್ದೇ ಇಸಿದುಕೊಂಡು ದನದ ಬಾನಿಯ ನೀರಿನಲ್ಲಿ ಅದ್ದಿದೆ. ಪಾಚಿಯ ನಡುವೆ ಅದು ಬೆಳಗುತ್ತಲೇ ಇತ್ತು.

"ನೀರಲ್ಲೂ ಆರ್ಲಿಲ್ಲ ಮೇಷ್ಟ್ರೇ. ಅಲ್ಲಿ ಉಸಿರಾಡಕಾಯ್ತದಾ?"

ನನ್ನ ಗಂಡನಿಗೆ ನಗು ತಡೆಯಲಿಲ್ಲ. "ನಿಮ್ ಶಿಷ್ಯೆ ನಿಮಗೇ ಪಾಠ ಮಾಡ್ಬುಟ್ಲಲ್ಲ ಸಾಮಿ," ಎನ್ನುತ್ತಾ ಹಗ್ಗ ಬಿಚ್ಚತೊಡಗಿದರು.

ಮೇಷ್ಟ್ರ ಮುಖ ಕೆಂಪಾಯಿತು. ಬ್ಯಾಟರಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಪಂಚೆಯಲ್ಲಿ ಒರೆಸಿದರು. ನಾನು ಲಾಟೀನು ತರಲು ಒಳಗೆ ಹೋದೆ.

ಹಚ್ಚಿಕೊಂಡು ಬರುವಷ್ಟರಲ್ಲಿ ಮೇಷ್ಟ್ರು ಹಗೇವಿನ ಗೋಡೆಯ ಮೆಟ್ಟುಗುಳಿಗಳಲ್ಲಿ ಕಾಲಿಟ್ಟು ಇಳಿಯುತ್ತಿದ್ದರು. ತಡೆದ ನನ್ನ ಗಂಡನ ಕೈ ಕೊಡವಿದ್ದರಂತೆ. ಹಗ್ಗವನ್ನೂ ಕಟ್ಟಿಕೊಂಡಿರಲಿಲ್ಲ.

"ಏನೂ ಇಲ್ಲ ಇಲ್ಲಿ," ಒಳಗಿಂದ ದನಿ ಬಂತು. "ಸುಮ್ನೆ ಹೆದರ್..."

ರಾಗಿಯ ಮೇಲೆ ಏನೋ ಮೆತ್ತಗೆ ಬಿದ್ದ ಸದ್ದು.

ಹಗ್ಗಕ್ಕೆ ಲಾಟೀನು ಸಿಕ್ಕಿಸಿ ಇಳಿಸಿದೆ. ಎದೆಯುದ್ದ ಹೋಗುವಷ್ಟರಲ್ಲಿ ಆರಿತು. ಅದರ ಕೆಳಗೆ, ಕಾಳಿನ ಮೇಲೆ, ಬ್ಯಾಟರಿಯ ಬೆಳಕು ಅಲುಗಾಡದೆ ಬಿದ್ದಿತ್ತು. ಪಕ್ಕದಲ್ಲಿ ಒಂದು ಕೈ.

"ನಾನಿಳೀತೀನಿ, ಎತ್ಕಂಬತ್ತೀನಿ," ನನ್ನ ಗಂಡ ಅಂಚಿಗೆ ಬಂದರು.

"ಬ್ಯಾಡ. ಪಾತಾಳಗರಡಿ ತಕಂಬಾ. ಬಟ್ಟೆಗೆ ಕೊಂಡಿ ಸಿಕ್ಸಿ ಎಳೆಯಾನ," ಎಂದು ಎರಡೂ ಕೈಯಿಂದ ಅವರ ಸೊಂಟ ತಬ್ಬಿ ಹಿಡಿದೆ. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಆ ಕೊಕ್ಕೆಗಳು ಮೂರು ಮನೆ ಆಚೆ ಇದ್ದವು.

ಮೊದಲ ಹನಿ ಬಿತ್ತು. ಅತ್ತೆ ಗುಂಡಿಯೊಳಗೆ ಇಣುಕಿ ನೋಡಿ, ಕೈಮುಗಿದು, ತುಂಬಾ ಮೆಲ್ಲಗೆ ಹೇಳಿದರು:

"ಬುಡಮ್ಮ ಅವನ್ನ. ಈಗ ಅಮ್ಮ ಪೂರಾ ತಗಂಡವ್ಳೆ. ಇನ್ನೇನೂ ಭಯವಿಲ್ಲ, ಇಳೀಲಿ."

ನನ್ನ ತೋಳಿನೊಳಗೆ ಗಂಡನ ಮೈ ಮುಂದಕ್ಕೆ ವಾಲಿತು. ಕೆಳಗೆ ಬೆಳಕು ಉರಿಯುತ್ತಲೇ ಇತ್ತು.